ರೊಟ್ಟಿ ಯಾರು ಬಡಿತಾರ್ರಿ?

ಉಗಾರ ಖುರ್ದದ ನೀಲಮಳ ಪಿಎಚ್.ಡಿ. ಹದಿನೇಳು ಹೆಸರುಗಳ ಹತ್ತಿರ ಬಂದು ಹಟಮಾರಿ ಎತ್ತಿನಂತೆ ಮಲಗಿಬಿಟ್ಟಿತ್ತು. ಬಾಯಿ ಕ್ಯಾನ್ಸರಿಗೆ ಚಿಕಿತ್ಸೆ ಪಡೆದ ಮುನ್ನೂರು ಮಂದಿಯಲ್ಲಿ ಐದು ವರ್ಷ ದಾಟಿ ಬದುಕಿದವರೆಷ್ಟು ಎಂಬುದು ಅವಳ ಲೆಕ್ಕ. ಈ ಹದಿನೇಳು ಮಂದಿ ಮಾತ್ರ ಆಸ್ಪತ್ರೆಯ ಕಡೆ ತಿರುಗಿಯೂ ನೋಡಿರಲಿಲ್ಲ.

"ಸೋಮವಾರದೊಳಗ ಇವ್ರ ಸುದ್ದಿ ಬರಲಿಲ್ಲಂದ್ರ ನಿನ್ನ ಅಧ್ಯಾಯ ಮುಂದ ಕಳಸಾಂಗಿಲ್ಲವಾ," ಎಂದಿದ್ದರು ಅವಳ ಮಾರ್ಗದರ್ಶಕರಾದ ಶ್ರೀಪಾಲ ಸರ್.

ರವಿವಾರ ಬೆಳಗ್ಗೆ ನೀಲಮ ಮಂಗಸೂಳಿಯ ಜನಾಬಾಯಿಯ ಮನೆಗೆ ಫೋನು ಹಚ್ಚಿ, ಫಾರ್ಮಿನಲ್ಲಿದ್ದಂತೆಯೇ ಓದಿದಳು: "ಜನಾಬಾಯಿ ಬದುಕ್ಯಾರೇನ್ರಿ, ತೀರ್ಕೊಂಡಾರೇನ್ರಿ?"

"ಮುಂಜಮುಂಜಾನೆ ಎಂಥಾ ಮಾತಬೇ! ನಿನ್ನ ಬಾಯಾಗ ಮಣ್ಣ ಬೀಳ್ಲಿ!"

ಮಗ ಸಮಾಧಾನ ಹೆಸರಿಗೆ ತಕ್ಕವನಲ್ಲ, ಫೋನು ಕುಕ್ಕಿದ. ಮುಂದಿನ ಐದು ಮನೆಗಳಲ್ಲೂ ಅದೇ ಆರತಿ.

ಅವಲಕ್ಕಿ ಹಚ್ಚುತ್ತಿದ್ದ ಸೋದರತ್ತೆ ಸೋನಾಬಾಯಿ ಹಣೆ ಬಡಿದುಕೊಂಡಳು. "ಹುಚ್ಚಿ, ಇದ್ದವ್ರ ಮನ್ಯಾಗ ಸತ್ತಾರೇನಂತ ಕೇಳ್ತಾರೇನ? ತಾ ಇಲ್ಲಿ ಫೋನ."

ನೀಲಮ ಸ್ಪೀಕರ್ ಹಾಕಿದಳು. ರಾಯಬಾಗದ ನಂಬರು ಹತ್ತಿತು. "ನಮಸ್ಕಾರ್ರಿ, ಉಗಾರದ ಸೋನಾಬಾಯಿ ಮಾತಾಡಾಕತ್ತೀನಿ. ಚಹಾ ಆತೇನ್ರಿ? ಮನ್ಯಾಗ ಈಗ ರೊಟ್ಟಿ ಯಾರು ಬಡಿತಾರ್ರಿ?"

"ಯಾರು ಬಡಿತಾರ, ನಮ್ಮವ್ವನ! ಸೊಸಿ ಬಡದದ್ದು ಆಕಿಗೆ ಎಲ್ಲಿ ಸೇರ್ತೈತ್ರಿ!"

ನೀಲಮ ಕುರ್ಚಿಯಿಂದ ಎದ್ದೇಬಿಟ್ಟಳು. "ಅತ್ತಿ, ಒಂದು!"

ಬೆಳಗ್ಗೆ ಬೈದಿದ್ದ ಆ ಐದು ಮನೆಗಳಿಗೂ ಅತ್ತೆಯೇ ಮತ್ತೆ ಹಚ್ಚಿದಳು. ಗಂಡಸರಾದರೆ ಕಬ್ಬಿಗೆ ನೀರು ಹಾಯಿಸಲು ಯಾರು ಹೋಗುತ್ತಾರೆಂದು ಕೇಳುವುದು. ಅಥಣಿಯ ಧೂಳಪ್ಪನ ಮನೆಯಿಂದ ಬಂದ ಉತ್ತರ ಬೇರೆ. "ಈಗ ಮಗಾ ಹೊಕ್ಕಾನ್ರಿ..." ಅತ್ತೆ ಲೊಚಗುಟ್ಟಿ, ಯಾವಾಗ ಎಂದು ಮೆಲ್ಲಗೆ ಕೇಳಿದಳು. ನೀಲಮ ತಾರೀಖು ಬರೆದುಕೊಂಡಳು. ಹೀಗೆ ತೀರಿಕೊಂಡವರು ಒಟ್ಟು ನಾಲ್ವರು. ಹನ್ನೆರಡು ಮಂದಿ ಗಟ್ಟಿಯಾಗಿದ್ದರು!

ಉಳಿದದ್ದು ಒಂದೇ, ಜನಾಬಾಯಿ. ನೀಲಮಳ ಕೈ ಹಿಂದೆ ಸರಿಯಿತು. ಅತ್ತೆಯೇ ಫೋನು ಹಚ್ಚಿ ರೊಟ್ಟಿ ಮಾತು ತೆಗೆದಳು.

"ರೊಟ್ಟಿ? ನಾನ ಬಡಿತೀನಿ. ಯಾರದು?"

ನೀಲಮ ಫೋನು ಕಸಿದುಕೊಂಡಳು. "ಜನಾಬಾಯಿ ಆಯಿ, ನೀವೇನ್ರಿ?"

"ಹೂಂ. ಮುಂಜಾನಿ ನಾ ಸತ್ತೀನೇನಂತ ಕೇಳಿದಾಕಿ ನೀನ ಏನ?"

"ತಪ್ಪಾತ್ರಿ..."

"ಇರ್ಲಿ, ಬರಕೋ. ಆರು ವರ್ಷ ಆತು. ಹಲ್ಲಿಲ್ಲ, ರೊಟ್ಟಿ ಹಾಲಾಗ ಮುರದು ತಿಂತೀನಿ. ಒಂದ್ಸಲ ಬಂದು ಉಂಡು ಹೋಗ."

ಲೆಕ್ಕ ಸೇರಿಸಿದ್ದೇ ಕಂಪ್ಯೂಟರಿನ ನಕ್ಷೆಯಲ್ಲಿ ಬದುಕಿದವರ ಗೆರೆ ಮೇಲಕ್ಕೆದ್ದಿತು. ನೀಲಮ ಸರ್‌ಗೆ ಫೋನಿನಲ್ಲಿ ಕೂಗಿಯೇ ಹೇಳಿದಳು: "ಸರ್, ಹದಿನೇಳೂ ಸಿಕ್ರಿ!"

"ಭೇಷ್! ನಾಳೆ ಅಧ್ಯಾಯ ಕಳಸೂಣು. ಆದ್ರ ಹೆಂಗ ಸಿಕ್ರವಾ?"

ಒಗ್ಗರಣೆಯ ಮುಂದಿನಿಂದ ಅತ್ತೆ ಕೂಗಿದಳು: "ನಿಮ್ಮ ಸರ್ ಮನ್ಯಾಗ ರೊಟ್ಟಿ ಯಾರು ಬಡಿತಾರಂತ ಕೇಳಬೇ, ಹೆಂಗ ಸಿಕ್ರಂತ ಅವ್ರಿಗೇ ಗೊತ್ತಾಗ್ತೈತಿ!"