ಗಲೀಜು ಕಡೆಯವಳು

ಕೊರೊನಾ ರಿಪೋರ್ಟು ಮತ್ತೆ ಪಾಸಿಟಿವ್ ಬಂತು. ಜ್ವರ ಬಿಟ್ಟು ಎಷ್ಟೋ ವಾರವಾಗಿತ್ತು. ಕೆಮ್ಮಿಲ್ಲ, ಸುಸ್ತಿಲ್ಲ, ನಾಲಿಗೆಗೆ ರುಚಿ, ಮೂಗಿಗೆ ಸೋಪಿನ ವಾಸನೆ ಎಲ್ಲ ವಾಪಸು ಬಂದಿದ್ದವು.

"ಅದು ಸತ್ತ ವೈರಸ್ಸಿನ ಚೂರುಪಾರು ಕಣಮ್ಮ," ಎಂದರು ಡಾಕ್ಟರು. "ಸತ್ತಿದ್ಯೋ ಬದುಕಿದ್ಯೋ ಈ ಪರೀಕ್ಷೆಗೆ ಗೊತ್ತಾಗಲ್ಲ. ನಿಮ್ಮಿಂದ ಇನ್ನು ಯಾರಿಗೂ ಅಂಟಲ್ಲ. ಹೋಗಿ, ಮಗಳನ್ನ ಮನೆಗೆ ಕರ್ಕೊಂಡು ಬನ್ನಿ."

ಮಗಳು ನಾದಿನಿಯ ಮನೆಯಲ್ಲಿದ್ದಳು. ಗಂಡ ತೀರಿಕೊಂಡ ಮೇಲೆ ನನಗೆ ಆಸರೆ ಅಂತ ಉಳಿದವಳು ಈ ನಾದಿನಿಯೊಬ್ಬಳೇ. ನನಗೆ ಜ್ವರ ಬಂದ ದಿನವೇ ಬಂದು ಮಗುವನ್ನು ಕರೆದೊಯ್ದಿದ್ದಳು. ಆ ಉಪಕಾರ ಮರೆಯುವವಳಲ್ಲ ನಾನು. ಆದರೆ ಈಗ ವಾಪಸು ಕಳಿಸಲು ಒಲ್ಲೆ ಅನ್ನುತ್ತಿದ್ದಳು.

"ಅತ್ತಿಗೆ, ಬೇಜಾರು ಮಾಡ್ಕೋಬೇಡಿ. ಡಾಕ್ಟ್ರು ಬಾಯಲ್ಲಿ ಏನು ಬೇಕಾದ್ರೂ ಹೇಳ್ತಾರೆ. ನಿಮ್ಮ ಆಸ್ಪತ್ರೆಯವರೇ ನಿಮ್ಮನ್ನ ಮೊದಲಿನ ಕೆಲಸಕ್ಕೆ ಸೇರಿಸ್ಕೊಳ್ಳಲಿ, ಅವತ್ತೇ ಕಳಿಸ್ತೀನಿ."

ನನ್ನ ಕೆಲಸ ಆಸ್ಪತ್ರೆಯ ಲಾಂಡ್ರಿಯಲ್ಲಿ. ನಡುವೆ ಒಂದು ಗೋಡೆ, ಗೋಡೆಯೊಳಗೇ ಕೂತ ಒಗೆಯುವ ಯಂತ್ರಗಳು, ಒಂದೊಂದಕ್ಕೂ ಎರಡು ಬಾಗಿಲು. ರಕ್ತ, ವಾಂತಿ ಮೆತ್ತಿದ ಹೊದಿಕೆಗಳು ಗಲೀಜು ಕಡೆಯಿಂದ ಒಳಗೆ ಹೋಗಿ, ಒಗೆದ ಮೇಲೆ ಶುಚಿ ಕಡೆಗೆ ಇಳಿಯುತ್ತವೆ. ಆ ಕಡೆಯವರು ಈ ಕಡೆ ಬರುವಂತಿಲ್ಲ. ನಾನು ಶುಚಿ ಕಡೆ ಇಸ್ತ್ರಿ ಮಾಡುವವಳು.

ನಮ್ಮ ಸೂಪರ್‌ವೈಸರಿಗೆ ನಾವಿಟ್ಟ ಹೆಸರು ಗಂಜಿ. ಕಾಲರೂ ಬಗ್ಗುವುದಿಲ್ಲ, ಕತ್ತೂ ಬಗ್ಗುವುದಿಲ್ಲ.

"ನೆಗೆಟಿವ್ ಬರೋ ತನಕ ಇಲ್ಲಿ ಕಾಲಿಡೋ ಹಾಗಿಲ್ಲ," ಎಂದ ಗಂಜಿ. "ಗಲೀಜು ಕಡೆ ಜನ ಕಮ್ಮಿ ಇದಾರೆ, ಅಲ್ಲಿ ಮಾಡು. ನಿನಗೆ ಹೇಗೂ ಬಂದು ಹೋಗಿದ್ಯಲ್ಲ."

"ನನ್ನಿಂದ ಅಂಟುತ್ತೆ ಅಂದ್ರೆ ಆ ಕಡೆ ಇರೋ ಹೆಂಗಸರೇನು ಕಲ್ಲಿನ ಗೊಂಬೆಗಳಾ ಸಾರ್? ಅಂಟಲ್ಲ ಅಂದ್ರೆ ನನ್ನ ಇಸ್ತ್ರಿ ನನಗೆ ಕೊಡಿ."

"ವಾದ ಮಾಡ್ಬೇಡ. ರೂಲ್ಸು ಅಂದ್ರೆ ರೂಲ್ಸು."

ಹೋದೆ. ಮನೆ ಬಾಡಿಗೆ ನನ್ನ ಸಿಟ್ಟನ್ನು ಕೇಳುತ್ತದೆಯೇ?

ಅಲ್ಲಿ ಎಲ್ಲರಿಗಿಂತ ಹಿರಿಯಳಾದ ದೊಡ್ಡಕ್ಕ ಕೊರೊನಾ ವಾರ್ಡಿನ ಬಟ್ಟೆ ಗಂಟು ಬಿಚ್ಚುತ್ತಿದ್ದಳು. "ಬಾರೇ ಪಾಸಿಟಿವ್ ರಾಣಿ! ಈ ಗಂಟಲ್ಲಿ ಇರೋದರ ಮುಂದೆ ನೀನ್ಯಾವ ಲೆಕ್ಕ?" ಎಂದಳು. ಎಲ್ಲರೂ ನಕ್ಕರು, ನಾನೂ ನಕ್ಕೆ. ನಕ್ಕರೂ ಮೈ ಉರಿಯುತ್ತಿತ್ತು. ರೋಗಿಗಳು ಉಸಿರಿಗಾಗಿ ಒದ್ದಾಡಿದ ಹಾಸಿಗೆಯ ಬಟ್ಟೆಯನ್ನು ಹರಿದ ಗ್ಲೌಸಿನಲ್ಲಿ ಕೊಡವಿ, ಎಲ್ಲಾದರೂ ಸೂಜಿ ಉಳಿದಿದೆಯೇ ಎಂದು ತಡಕುವ ಇವರನ್ನು ಯಾರೂ ಪರೀಕ್ಷೆಗೆ ಕಳಿಸುವುದಿಲ್ಲ. ಸಂಜೆ ಇವರೆಲ್ಲ ಅವರವರ ಮಕ್ಕಳ ಹತ್ತಿರ ಹೋಗುತ್ತಾರೆ. ನಾನು ಖಾಲಿ ಮನೆಗೆ ಹೋಗಬೇಕು.

ಒಂದು ಬೆಳಿಗ್ಗೆ ಗಂಜಿಯೇ ಗಲೀಜು ಕಡೆಯ ಬಾಗಿಲಿಗೆ ಬಂದ.

"ಇಸ್ತ್ರಿಯವಳು ಬಂದಿಲ್ಲ. ಆಪರೇಷನ್ ಥಿಯೇಟರಿಂದ ಫೋನಿನ ಮೇಲೆ ಫೋನು. ಮೈ ತೊಳ್ಕೊಂಡು, ಬಟ್ಟೆ ಬದಲಾಯಿಸಿ, ಹಿಂಬಾಗಿಲಿಂದ ಬಂದ್ಬಿಡು. ಯಾರಿಗೂ ಹೇಳ್ಬೇಡ."

"ಇವತ್ತು ಅಂಟಲ್ವಾ ಸಾರ್?"

"ಅಂಟಲ್ಲ ಅಂತ ಡಾಕ್ಟ್ರೇ ಹೇಳಿದಾರಲ್ಲೇ!"

ಸಿಟ್ಟು ನೆತ್ತಿಗೇರಿತು. ಒಂದು ಕೈಯ ಗ್ಲೌಸು ಬಿಚ್ಚಿ, ನಾದಿನಿಗೆ ಫೋನು ಹಚ್ಚಿ, ಸ್ಪೀಕರ್ ಹಾಕಿ ಅವನ ಬಾಯಿಯ ಮುಂದೆ ಹಿಡಿದೆ. "ಈ ಮಾತು ಇವಳಿಗೆ ಹೇಳಿ."

"ಹಲೋ, ಅತ್ತಿಗೆ?" ಎಂದಳು ನಾದಿನಿ.

"ನಾನು ಸೂಪರ್‌ವೈಸರ್ ಮಾತಾಡ್ತಿರೋದು," ಎಂದು ಗಂಜಿ ಗಂಟಲು ಸರಿಮಾಡಿಕೊಂಡ. ಅತ್ತಿತ್ತ ನೋಡಿದ. "ಅದು… ಏನಂದ್ರೆ… ರಿಪೋರ್ಟು ಬರ್ಲಿ ಅಮ್ಮ, ಆಮೇಲೆ ನೋಡೋಣ."

ಇನ್ನೊಂದು ಗ್ಲೌಸನ್ನೂ ಕಿತ್ತು ಬುಟ್ಟಿಗೆಸೆದೆ. "ಹಾಗಾದ್ರೆ ನಿಮ್ಮ ಇಸ್ತ್ರಿನೂ ರಿಪೋರ್ಟ್ ಬಂದಮೇಲೇ!"

"ಕೆಲಸ ಹೋಗುತ್ತೆ ನೋಡು!" ಎಂದು ಗಂಜಿ ಹಿಂದಿನಿಂದ ಕೂಗಿದ. "ಹೋದ್ರೆ ಹೋಗ್ಲಿ ಬಿಡಯ್ಯ, ನೀನೇ ಇಸ್ತ್ರಿ ಹಾಕು. ನಿನ್ನ ಕತ್ತಿನಿಂದಲೇ ಶುರು ಮಾಡು!" ಎಂದು ದೊಡ್ಡಕ್ಕ ಗಟ್ಟಿಯಾಗಿ ಹೇಳಿದ್ದು ರಸ್ತೆಗೆ ಬಂದರೂ ಕೇಳುತ್ತಿತ್ತು.

ಮನೆಗೆ ಹೋಗಿ ಮೈ ತೊಳೆದು, ಬಟ್ಟೆ ಬದಲಿಸಿ, ನೆಟ್ಟಗೆ ನಾದಿನಿಯ ಮನೆಗೆ ಹೋದೆ. ಅವಳು ಬಾಗಿಲನ್ನು ಅರ್ಧ ತೆರೆದು ನಿಂತಳು.

"ಅವರು ಹೇಳಿದ್ದು ನೀವೇ ಕೇಳಿದ್ರಲ್ಲ ಅತ್ತಿಗೆ?"

"ಕೇಳಿದೆ. ಈಗ ನಾನು ಹೇಳೋದು ನೀನು ಕೇಳು. ನನ್ನ ಮಗಳನ್ನ ಕಳಿಸು."

ಮಗಳು ಒಳಗಿನಿಂದ ಓಡಿ ಬಂದವಳು ಹೊಸಿಲಿನ ಹತ್ತಿರ ಗಕ್ಕನೆ ನಿಂತಳು. ಎರಡೂ ಕೈ ಬೆನ್ನ ಹಿಂದೆ ಕಟ್ಟಿ, ಮುಖವೆತ್ತಿ ಕೇಳಿದಳು: "ಅತ್ತೆ, ಅಮ್ಮನ್ನ ಮುಟ್ಟಬಹುದಾ?"

"ಅವಳನ್ನೇನು ಕೇಳ್ತೀಯ? ನನ್ನನ್ನ ಕೇಳು!" ಕಿರುಚಿಬಿಟ್ಟೆ.

ಮಗು ಬೆಚ್ಚಿ ಅತ್ತೆಯ ಹಿಂದೆ ಸರಿಯಿತು. ಗಂಜಿಯ ಮೇಲಿನ ಸಿಟ್ಟು, ನಾದಿನಿಯ ಮೇಲಿನ ಸಿಟ್ಟು ಎಲ್ಲ ಹೋಗಿ ಯಾರ ಮೇಲೆ ಬಿತ್ತು ನೋಡಿ! ಮೆಟ್ಟಿಲ ಮೇಲೆ ಕೂತೆ.

"ಇಲ್ಲೇ ಕೂತಿರ್ತೀನಿ. ಬಿಟ್ಟು ಹೋಗಲ್ಲ," ಎಂದೆ ತಿರುಗಿ ನೋಡದೆ.

ತುಂಬಾ ಹೊತ್ತಾದ ಮೇಲೆ ನಾದಿನಿ ಮಗುವಿನ ಚೀಲವನ್ನೂ ಚಪ್ಪಲಿಯನ್ನೂ ತಂದು ನನ್ನ ಪಕ್ಕದಲ್ಲಿಟ್ಟಳು. "ನಂಗೂ ಮಕ್ಕಳಿದಾರೆ ಅತ್ತಿಗೆ, ಹೆದರಿಕೆ ಆಯ್ತು," ಎಂದಳು. ಹೋಗಲಿ ಬಿಡು ಅನ್ನುವಷ್ಟು ದೊಡ್ಡ ಮನಸ್ಸು ಆಗ ನನಗಿರಲಿಲ್ಲ.

ಮಗಳು ಬಂದು ಮೆಟ್ಟಿಲ ಆ ತುದಿಯಲ್ಲಿ ಕೂತಳು. ನಾನು ಚಪ್ಪಲಿ ಎತ್ತಿಕೊಂಡು ಕೈ ಚಾಚಿದೆ. ಒಮ್ಮೆ ಅತ್ತೆಯ ಕಡೆ ನೋಡಿದಳು. ಏನೂ ಕೇಳದೆ, ಕಾಲು ಚಾಚಿ ನನ್ನ ಕೈಯಲ್ಲಿಟ್ಟಳು.