ಮದುಮಗಳು ನಾನೇ

ಆ ಹೆಂಗಸು ಮೊದಲ ಸಲ ಫೋನ್ ಮಾಡಿದಾಗ ಮಗಳ ಮದುವೆಗೆ ವಿಚಾರಿಸುತ್ತಿದ್ದಾರೆ ಎಂದುಕೊಂಡೆ. ಧ್ವನಿ ಹಾಗಿತ್ತು. ತರಗತಿಯ ಕೊನೆಯ ಬೆಂಚಿಗೂ ಕೇಳಿಸುವಂಥ, ಆತುರವಿಲ್ಲದ ಧ್ವನಿ. ಲೆಬನಾನಿನ ಟ್ರಿಪೋಲಿಯಿಂದ ಮಾತಾಡುತ್ತಿದ್ದೇನೆ, ಹೆಸರು ನುಹಾದ್, ಈಸ್ಟರ್ ಮುಗಿದ ಮೇಲೆ ಲಾರ್ನಕಾದಲ್ಲಿ ಒಂದು ಮದುವೆ ಆಗಬೇಕು ಎಂದರು.

ನನಗಿದು ದಿನನಿತ್ಯದ ಕೆಲಸ. ಹುಡುಗನದೊಂದು ಧರ್ಮ, ಹುಡುಗಿಯದೊಂದು ಧರ್ಮ ಆದರೆ ಅವರ ದೇಶದಲ್ಲಿ ಮದುವೆ ಮಾಡಿಸುವವರಿಲ್ಲ. ಹಾಗಾಗಿ ಸಮುದ್ರ ದಾಟಿ ನಮ್ಮ ಸೈಪ್ರಸ್‌ಗೆ ಬರುತ್ತಾರೆ, ಪುರಸಭೆಯ ಕೋಣೆಯಲ್ಲಿ ಮದುವೆಯಾಗಿ ಹಿಂದಿರುಗುತ್ತಾರೆ. ಕೋಣೆ ಗೊತ್ತುಮಾಡುವುದು, ಹೂವು, ಊಟ, ಕಾಗದಪತ್ರ ನನ್ನ ಪಾಲಿಗೆ. ವಿಮಾನ ನಿಲ್ದಾಣಕ್ಕೆ ಕಾರು ಓಡಿಸುವುದು, ಯಾರೂ ಸಿಗದಿದ್ದರೆ ಸಾಕ್ಷಿ ನಿಲ್ಲುವುದು ನನ್ನ ಗಂಡ ಪಿಯೆರಿಸ್‌ನ ಪಾಲಿಗೆ.

“ಹುಡುಗಿಗೆ ಯಾವ ಹೂವು ಇಷ್ಟ, ಮೇಡಂ?” ಎಂದು ಕೇಳಿದೆ.

“ಹೂವಿನ ಮಾತು ಆಮೇಲೆ. ಅಲ್ಲಿ ಮೆಟ್ಟಿಲು ಜಾಸ್ತಿ ಇದ್ಯಾ? ಹುಡುಗಿಗೆ ಮಂಡಿನೋವು.”

“ಪಾಪ, ಈ ವಯಸ್ಸಿಗೇ ಮಂಡಿನೋವಾ?”

“ಯಾವ ವಯಸ್ಸಿಗೆ? ನಂಗೆ ಅರವತ್ತಮೂರು ಕಣಮ್ಮ. ಮದುಮಗಳು ನಾನೇ.”

ತಡವರಿಸಿ ಅಭಿನಂದನೆ ಎಂದೆ. ಆ ಕಡೆಯಿಂದ ನಗು ಕೇಳಿಸಿತು. ಅಂದಿನಿಂದ ನಾವು ಎರಡು ದಿನಕ್ಕೊಮ್ಮೆಯಾದರೂ ಮಾತಾಡುತ್ತಿದ್ದೆವು.

ನುಹಾದ್ ಹೆಣ್ಣುಮಕ್ಕಳ ಶಾಲೆಯಲ್ಲಿ ಭೂಗೋಳ ಕಲಿಸಿ ನಿವೃತ್ತರಾದವರು, ಮುಸ್ಲಿಮರು. ಗಂಡ ಮುನೀರ್ ತೀರಿಕೊಂಡು ಎಂಟು ವರ್ಷವಾಗಿತ್ತು. ಮದುವೆಯಾಗಲಿದ್ದವರು ಇಸ್ಕಂದರ್, ಕ್ರೈಸ್ತರು. ಬಂದರಿಗೆ ಬರುವ ಹಡಗುಗಳನ್ನು ದಡಕ್ಕೆ ತಂದು ನಿಲ್ಲಿಸುವ ಪೈಲಟ್ ಆಗಿದ್ದವರು, ಮುನೀರರ ಹಳೆಯ ಗೆಳೆಯ. ಈವರೆಗೆ ಮದುವೆಯನ್ನೇ ಆಗಿರಲಿಲ್ಲ. ಇಬ್ಬರಲ್ಲಿ ಒಬ್ಬರು ಧರ್ಮ ಬದಲಿಸಿದರೆ ಊರಿನಲ್ಲೇ ಮದುವೆ ಮುಗಿಯುತ್ತದಲ್ಲ ಎಂದು ಒಮ್ಮೆ ಕೇಳಿಬಿಟ್ಟೆ.

“ಮಿರೊ,” ಎಂದರು. ನನ್ನ ಪೂರ್ತಿ ಹೆಸರು ಮಿರೊಫೋರಾ, ಅಷ್ಟರಲ್ಲಾಗಲೇ ಅವರ ಬಾಯಲ್ಲಿ ಅದು ಚಿಕ್ಕದಾಗಿತ್ತು. “ಈ ವಯಸ್ಸಲ್ಲಿ ಇನ್ನೊಬ್ಬ ದೇವರ ಹತ್ರ ಹೋಗಿ ಹೊಸದಾಗಿ ಪರಿಚಯ ಮಾಡ್ಕೊಳ್ಳೋಕೆ ನನ್ನ ಕೈಲಾಗಲ್ಲ. ಅವನಿಗೂ ಆಗಲ್ಲ. ನಮ್ಮ ನಮ್ಮ ದೇವರಿಗೆ ನಾವು ಚೆನ್ನಾಗೇ ಗೊತ್ತು.”

ಸಮುದ್ರದ ದಂಡೆ ಬೇಡ, ಪಿಟೀಲು ಬೇಡ, ಬಿಳಿ ಉಡುಪು ಬೇಡ. ಮಲ್ಲಿಗೆಯ ಒಂದು ಸಣ್ಣ ಗೊಂಚಲು, ಆಮೇಲೆ ಮೀನಿನ ಊಟ, ಅಷ್ಟು ಸಾಕು. ಆದರೆ ಒಂದು ವಿಷಯದಲ್ಲಿ ಹಟ ಹಿಡಿದರು. ಇಬ್ಬರೂ ಒಂದೇ ವಿಮಾನದಲ್ಲಿ ಬರುವುದಿಲ್ಲ. ಅವರು ಬುಧವಾರ, ಇಸ್ಕಂದರ್ ಗುರುವಾರ, ಮದುವೆ ಶುಕ್ರವಾರ.

“ಜೊತೆಗೆ ಪೆಟ್ಟಿಗೆ ಹಿಡ್ಕೊಂಡು ಹೊರಟರೆ ಬೀದಿಯವರೆಲ್ಲ ಕಿಟಕಿಗೆ ಬರ್ತಾರೆ,” ಎಂದರು. “ಆಗೋದು ಆಗಲಿ, ಆದ ಮೇಲೆ ನಾನೇ ಹೇಳ್ತೀನಿ.”

ಇಸ್ಕಂದರ್ ನನ್ನೊಡನೆ ಮಾತಾಡಿದ್ದು ಒಂದೇ ಸಲ. ಊಟದ ಬಗ್ಗೆ, ಉಂಗುರದ ಬಗ್ಗೆ ಏನೂ ಕೇಳಲಿಲ್ಲ. ಏಪ್ರಿಲ್‌ನಲ್ಲಿ ನಿಮ್ಮಲ್ಲಿ ಗಾಳಿ ಯಾವ ಕಡೆಯಿಂದ ಬೀಸುತ್ತದೆ ಎಂದು ಕೇಳಿದರು. ಜೀವನವಿಡೀ ನೀರಿನ ಮೇಲಿದ್ದ ಮನುಷ್ಯ ವಿಮಾನ ಹತ್ತಿದವರೇ ಅಲ್ಲವಂತೆ.

ಮಗನ ಮಾತು ಕೊನೆಗೆ ಬಂತು. ಒಬ್ಬನೇ ಮಗ ಬಾಸೆಲ್, ದೋಹಾದಲ್ಲಿ ಎಂಜಿನಿಯರ್. ವಿಷಯ ತಿಳಿಸಿದ ದಿನ ಫೋನ್ ಇಟ್ಟವನು ಆಮೇಲೆ ಮಾತಾಡಿಲ್ಲ, ಆದರೂ ಮದುವೆಯ ದಿನ, ಹೋಟೆಲಿನ ಹೆಸರು ಬರೆದು ಕಳಿಸಿದ್ದೇನೆ ಎಂದರು. ಅದನ್ನು ಹೇಳುವಾಗ ಮಾತ್ರ ಆ ಧ್ವನಿ ಕೊನೆಯ ಬೆಂಚನ್ನು ತಲುಪುವಂತಿರಲಿಲ್ಲ.

ಬುಧವಾರ ಪಿಯೆರಿಸ್ ಅವರನ್ನು ಕರೆತಂದ. ಹೋಟೆಲಿನಲ್ಲಿ ಪೆಟ್ಟಿಗೆ ಇಟ್ಟು ನೇರ ನಮ್ಮ ಮನೆಗೇ ಬಂದರು. ಕುಳ್ಳಗಿನ, ತುಂಬು ಮೈಯ ಹೆಂಗಸು. ಅಂಗಳದ ನಿಂಬೆಗಿಡದ ಕೆಳಗೆ ಕೂತು, ಈಸ್ಟರ್ ಹಬ್ಬಕ್ಕೆ ಮಾಡಿ ಉಳಿದಿದ್ದ ಚೀಸ್ ತುಂಬಿದ ರೊಟ್ಟಿ, ಫ್ಲಾವುನ, ತಿಂದು, ಒಳಗಿನ ಚೀಸಿಗೆ ಪುದೀನ ಸ್ವಲ್ಪ ಹೆಚ್ಚಾಗಿದೆ ಎಂದರು. ನನ್ನ ಅತ್ತೆಯೂ ಹಾಗೇ ಅನ್ನುತ್ತಿದ್ದರು.

ಗುರುವಾರ ಬೆಳಗ್ಗೆ ಎದ್ದು ನೋಡಿದರೆ ಆಕಾಶ ಹಳದಿಯಾಗಿತ್ತು. ಮರುಭೂಮಿಯ ಧೂಳು. ವಸಂತದಲ್ಲಿ ಒಮ್ಮೊಮ್ಮೆ ಹೀಗಾಗುತ್ತದೆ. ಕಾರಿನ ಮೇಲೆ, ಎಲೆಗಳ ಮೇಲೆ, ಒಣಗಲು ಹಾಕಿದ ಬಟ್ಟೆಯ ಮೇಲೆಲ್ಲ ಧೂಳು ಕೂತಿತ್ತು. ನುಹಾದ್ ನಮ್ಮ ಮನೆಯಲ್ಲಿ ಕಿಟಕಿ ಮುಚ್ಚಿಕೊಂಡು ಫೋನನ್ನೇ ನೋಡುತ್ತ ಕೂತಿದ್ದಾಗ ಬಾಗಿಲು ಬಡಿದ ಸದ್ದಾಯಿತು. ತೆಗೆದರೆ ಕೂದಲೆಲ್ಲ ಧೂಳಾಗಿದ್ದ ಎತ್ತರದ ಗಂಡಸು ನಿಂತಿದ್ದ.

“ಮದುವೆ ಮಾಡಿಸೋ ಆಂಟಿ ನೀವೇನಾ? ನಮ್ಮಮ್ಮ ಇಲ್ಲಿದ್ದಾರಂತೆ, ಹೋಟೆಲಲ್ಲಿ ಹೇಳಿದ್ರು.”

ಬಾಸೆಲ್ ಬಂದಿದ್ದ ವಿಮಾನ ಧೂಳು ದಟ್ಟವಾಗುವ ಮೊದಲೇ ಇಳಿದಿತ್ತು. ತಾಯಿ ಎದ್ದು ಹೋಗಿ ಮಗನ ಕೂದಲಿನ ಧೂಳು ಕೊಡವಿದರು. ಅವನು ಹಿಂದೆ ಸರಿದು ಅರಬ್ಬಿಯಲ್ಲಿ ಜೋರಾಗಿ ಏನೋ ಹೇಳತೊಡಗಿದ. ನುಹಾದ್ ಕೈಯೆತ್ತಿ ತಡೆದರು.

“ಇಂಗ್ಲಿಷಲ್ಲಿ ಮಾತಾಡು. ಇನ್ನೊಬ್ಬರ ಮನೇಲಿ ಕೂತು ಅವರಿಗೆ ಅರ್ಥ ಆಗದ ಭಾಷೇಲಿ ಜಗಳ ಆಡೋದು ಮರ್ಯಾದೆ ಅಲ್ಲ.”

“ಅಮ್ಮಾ!”

“ಜಗಳ ಆಡಬೇಡ ಅಂದ್ನಾ? ಇಂಗ್ಲಿಷಲ್ಲಿ ಆಡು ಅಂದೆ.”

ಪಿಯೆರಿಸ್ ಮೆಲ್ಲನೆ ಎದ್ದು ಅಂಗಳಕ್ಕೆ ಹೋದ. ನಾನೂ ಕಾಫಿ ಮಾಡುವ ನೆಪದಲ್ಲಿ ಒಲೆಯ ಮುಂದೆ ನಿಂತೆ. ಆದರೆ ನಮ್ಮ ಅಡುಗೆಮನೆಗೆ ಬಾಗಿಲಿಲ್ಲ.

ಊರಿನವರು ಏನಂದಾರು, ಚಿಕ್ಕಪ್ಪಂದಿರು ಏನಂದಾರು ಎಂದು ಬಾಸೆಲ್ ಶುರು ಮಾಡಿದ. ಅದಕ್ಕೆಲ್ಲ ತಾಯಿ ಹೂಂ, ಹೂಂ ಎನ್ನುತ್ತಿದ್ದರು. ಆಮೇಲೆ ಅವನ ಧ್ವನಿ ಇಳಿಯಿತು.

“ಅಪ್ಪ ಆಸ್ಪತ್ರೇಲಿದ್ದಾಗ ಅವರು ದಿನಾ ಬರ್ತಿದ್ರಲ್ಲಮ್ಮ. ಅಪ್ಪನಿಗೆ ಗಡ್ಡ ಹೆರೀತಿದ್ರು, ಪೇಪರ್ ಓದಿ ಹೇಳ್ತಿದ್ರು. ಎಂಥ ಗೆಳೆಯ ಅಂತ ನಾನೇ ಎಲ್ಲರ ಹತ್ರ ಹೇಳ್ಕೊಂಡು ತಿರುಗಿದ್ದೆ. ನೀನು ಫೋನ್ ಮಾಡಿದ ದಿನದಿಂದ ನಂಗೆ ಒಂದೇ ಯೋಚನೆ. ಅವರು ಬರ್ತಿದ್ದಿದ್ದು ಯಾರಿಗೋಸ್ಕರ?”

ಕಾಫಿ ಉಕ್ಕಿ ಒಲೆಯ ಮೇಲೆ ಚೆಲ್ಲಿತು. ನಾನು ಒರೆಸಲೂ ಇಲ್ಲ.

ನುಹಾದ್ ಕೋಪಿಸಿಕೊಳ್ಳಲಿಲ್ಲ. ಕುರ್ಚಿಯನ್ನು ಮಗನ ಹತ್ತಿರಕ್ಕೆ ಎಳೆದುಕೊಂಡರು. “ಇದನ್ನ ಹೊಟ್ಟೇಲಿಟ್ಕೊಂಡೇ ಇಷ್ಟು ದಿನ ಸುಮ್ಮನಿದ್ಯಾ? ಅವಾಗಲೇ ಕೇಳೋದಲ್ವಾ ಕಂದಾ. ಅವನು ನಿಮ್ಮಪ್ಪನಿಗೋಸ್ಕರ ಬರ್ತಿದ್ದ. ಆಗ ನಮ್ಮಿಬ್ಬರ ಮಧ್ಯೆ ಏನೂ ಇರಲಿಲ್ಲ. ಅವನು ಕಾಫಿಗೆ ಎಷ್ಟು ಸಕ್ಕರೆ ಹಾಕ್ಕೋತಾನೆ ಅನ್ನೋದೂ ನಂಗೆ ಗೊತ್ತಿರಲಿಲ್ಲ. ಹೋದ ವರ್ಷ ಮಾರ್ಕೆಟ್‌ನಲ್ಲಿ ಸಿಕ್ಕಿದ. ಒಬ್ಬನೇ ಒಂದು ಟೊಮೇಟೊ ಆರಿಸ್ತಾ ನಿಂತಿದ್ದ. ಒಂದೇ ಒಂದು. ನೋಡಿ ನಗು ಬಂತು, ಆಮೇಲೆ ಅಳು ಬಂತು. ಶುರುವಾಗಿದ್ದು ಅಲ್ಲಿಂದ. ನಿನ್ನ ಹತ್ರ ಸುಳ್ಳು ಹೇಳೋಕೆ ನಂಗೆ ಯಾವತ್ತಾದ್ರೂ ಬಂದಿದ್ಯಾ?”

ಬಾಸೆಲ್ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಆಮೇಲೆ ಕೈ ತೆಗೆದು, “ಇಲ್ಲ,” ಎಂದ. “ನಿಂಗೆ ಸುಳ್ಳು ಹೇಳೋಕೆ ಬರಲ್ಲ.”

ಅಷ್ಟರಲ್ಲಿ ಫೋನ್ ಬಂತು, ಇಸ್ಕಂದರ್‌ದೇ. ಬೈರೂತಿನ ವಿಮಾನ ರದ್ದಾಗಿತ್ತು. ನಮಗೂ ತಿಳಿಯಲೆಂದು ನುಹಾದ್ ಫೋನನ್ನು ಮೇಜಿನ ಮೇಲಿಟ್ಟು ಸ್ಪೀಕರ್ ಹಾಕಿ, “ಮಿರೊ ಕೇಳ್ತಿದ್ದಾಳೆ, ಇಂಗ್ಲಿಷಲ್ಲಿ ಹೇಳು,” ಎಂದರು.

“ನಾಳೆ ಬೆಳಗ್ಗೆ ಬಿಡ್ತಾರಂತೆ. ಇಲ್ಲೇ ಬೆಂಚ್ ಮೇಲೆ ಕೂತಿದ್ದೀನಿ. ಹಡಗಾಗಿದ್ರೆ ಈ ಧೂಳಲ್ಲೂ ನಾನೇ ಹೊರಗೆ ತರ್ತಿದ್ದೆ. ನೀನು ಊಟ ಮಾಡಿದ್ಯಾ?”

“ಬಾಸೆಲ್ ಬಂದಿದ್ದಾನೆ.”

ನಿಲ್ದಾಣದ ಗದ್ದಲವಷ್ಟೇ ಕೇಳುತ್ತಿತ್ತು.

“ಅವನಿಗೆ ಕೇಳಿಸ್ತಿದ್ಯಾ? ಬಾಸೆಲ್, ನಿಮ್ಮಮ್ಮ ಊಟ ಆದ್ಮೇಲೆ ಬಿಪಿ ಮಾತ್ರೆ ಮರೀತಾಳೆ. ಇವತ್ತು ನಾನಿಲ್ಲ, ನೀನು ಜ್ಞಾಪಿಸು. ನನ್ನ ಬೈಯೋದಿದ್ರೆ ನಾಳೆ ಬಂದ್ಮೇಲೆ ಬೈ. ನಿಧಾನವಾಗಿ ಬೈ. ನಾನು ಎಲ್ಲೂ ಹೋಗಲ್ಲ.”

ಊಟವಾದ ಮೇಲೆ ಬಾಸೆಲ್ ತಾಯಿಯ ಕೈಚೀಲ ತಡಕಿ ಮಾತ್ರೆ ತೆಗೆದು ನೀರಿನ ಲೋಟದ ಪಕ್ಕ ಇಟ್ಟದ್ದನ್ನು ನಾನು ನೋಡಿದೆ.

ಶುಕ್ರವಾರ ಬೆಳಗ್ಗೆ ಆಕಾಶ ತಿಳಿಯಾಗಿತ್ತು. ಪಿಯೆರಿಸ್ ಕಾರು ತೆಗೆಯುವಾಗ ಬಾಸೆಲ್ ಮುಂದಿನ ಸೀಟಿನಲ್ಲಿ ಹೋಗಿ ಕೂತ. ಮುಂದಿನದು ಪಿಯೆರಿಸ್ ಹೇಳಿದ್ದು.

“ಹೋಗ್ತಾ ಒಂದು ಮಾತಿಲ್ಲ ಕಣೇ, ಹೆಣ ಸಾಗಿಸೋ ಗಾಡಿ ಓಡಿಸಿದ ಹಾಗಿತ್ತು. ಅಲ್ಲಿ ನೋಡಿದ್ರೆ ಮದುಮಗ ಗೋಡೆ ಹಿಡ್ಕೊಂಡು ಬರ್ತಿದ್ದಾರೆ. ಮುಖ ಸುಣ್ಣ ಬಳಿದಂಗಾಗಿತ್ತು. ಇವನು ಹೋಗಿ ರಟ್ಟೆ ಹಿಡ್ಕೊಂಡ. ‘ಕೂತ್ಕೊಳ್ಳಿ ಅಂಕಲ್, ಉಸಿರಾಡಿ’ ಅಂದ. ಅವರು, ‘ಇನ್ನೊಂದ್ಸಲ ಇದನ್ನ ಹತ್ತಿದ್ರೆ ನನ್ನ ಹೆಸರು ಬದಲಾಯಿಸು’ ಅಂದ್ರು. ‘ವಾಪಸ್ ಹೆಂಗೆ ಹೋಗ್ತೀರಾ ಮತ್ತೆ, ಈಜ್ಕೊಂಡಾ?’ ಅಂತ ಇವನು. ಅಷ್ಟೇ. ಇಬ್ಬರೂ ನಕ್ಕರು.”

ಮದುಮಗ ಬಂದರು, ಅವರ ಪೆಟ್ಟಿಗೆ ಬರಲಿಲ್ಲ. ಸೂಟು ಅದರೊಳಗಿತ್ತು. ಮೈಮೇಲಿದ್ದದ್ದು ಕಾಫಿ ಚೆಲ್ಲಿಕೊಂಡ ಕಂದು ಸ್ವೆಟರ್. ಪುರಸಭೆಯಲ್ಲಿ ನಮ್ಮ ಸರದಿಗೆ ಹೆಚ್ಚು ಹೊತ್ತಿರಲಿಲ್ಲ. ಸ್ವೆಟರಿನಲ್ಲೇ ಆಗಲಿ ಬಿಡಿ ಎಂದು ಇಸ್ಕಂದರ್ ಅಂದರು. ಅದಕ್ಕೆ ನುಹಾದ್ ಒಪ್ಪಲಿಲ್ಲ. ನಾನು ಪಿಯೆರಿಸ್‌ನ ಕೋಟು ತಂದೆ, ಅದರಲ್ಲಿ ಇಬ್ಬರು ಇಸ್ಕಂದರ್ ಹಿಡಿಯುತ್ತಿದ್ದರು. ಆಗ ಬಾಸೆಲ್ ಹೋಟೆಲಿಗೆ ಹೋಗಿ ಒಂದು ಸೂಟನ್ನು ತೋಳಿನ ಮೇಲೆ ಹಾಕಿಕೊಂಡು ಬಂದ. ಕಡುನೀಲಿ, ಇಸ್ತ್ರಿ ಮಾಡಿದ್ದು.

ನುಹಾದ್ ಅದನ್ನು ನೋಡಿದರು, ಮಗನನ್ನು ನೋಡಿದರು. “ನನ್ನ ಮದುವೆ ನಿಲ್ಲಿಸೋಕೆ ಬಂದವನು ಸೂಟ್ ಯಾಕೋ ತಂದೆ?”

“ಸುಮ್ನಿರಮ್ಮ, ಲೇಟಾಗ್ತಿದೆ,” ಎಂದ. ಅವನ ಕಿವಿ ಕೆಂಪಾಗಿತ್ತು.

ಪ್ಯಾಂಟು ಉದ್ದವಾಯಿತು. ಇಸ್ಕಂದರ್ ಅದನ್ನು ತೊಟ್ಟುಕೊಂಡು ಸ್ಟೂಲಿನ ಮೇಲೆ ನಿಂತರು. ನಾನು ಕೆಳಗೆ ಕೂತು ಅಂಚು ಮಡಿಸಿ ಪಿನ್ನು ಹಾಕಿದೆ. ಅಲ್ಲಾಡಬೇಡಿ ಎಂದರೆ ಅಲ್ಲಾಡುತ್ತಲೇ ಇದ್ದರು. ಕೊನೆಗೆ ಬಾಸೆಲ್ ಅವರ ಹೆಗಲು ಹಿಡಿದು ನಿಲ್ಲಿಸಿದ.

ಪುರಸಭೆಯ ಅಧಿಕಾರಿಣಿ ಓದಿ ಹೇಳಿದ್ದಕ್ಕೆ ಇಬ್ಬರೂ ಒಪ್ಪಿಗೆ ಎಂದರು. ನುಹಾದರ ಧ್ವನಿ ಹೊರಗಿನ ಪಡಸಾಲೆಗೂ ಕೇಳಿಸಿರಬೇಕು, ಸರದಿಗೆ ಕಾಯುತ್ತಿದ್ದ ಹುಡುಗ ಹುಡುಗಿ ಇಣುಕಿ ನೋಡಿದರು. ಸಾಕ್ಷಿಗಳು ನಾನು ಮತ್ತು ಪಿಯೆರಿಸ್ ಎಂದು ಮೊದಲೇ ಗೊತ್ತಾಗಿತ್ತು. ನಾನು ಸಹಿ ಹಾಕಿದೆ. ನನ್ನ ಗಂಡ ಮಾತ್ರ ಜೇಬು ತಟ್ಟಿಕೊಂಡು, ಕನ್ನಡಕ ಕಾರಲ್ಲಿ ಬಿಟ್ಟೆ ಎಂದು ಬಾಸೆಲ್ ಕಡೆ ನೋಡಿದ. ಕನ್ನಡಕ ಪಿಯೆರಿಸ್‌ನ ತಲೆಯ ಮೇಲೇ ಇತ್ತು.

ಬಾಸೆಲ್ ಬೇಡವೆಂದು ತಲೆಯಾಡಿಸಿದ. “ನೀವೇ ಹಾಕಿ ಅಂಕಲ್. ನಂಗಿನ್ನೂ ಸ್ವಲ್ಪ ಟೈಮ್ ಬೇಕು.”

ಇಸ್ಕಂದರ್, ಅದು ಸರಿಯಾದ ಮಾತೇ ಎಂಬಂತೆ, “ತಗೋ,” ಎಂದರು. “ಎಷ್ಟು ಬೇಕೋ ಅಷ್ಟು ತಗೋ.” ಪಿಯೆರಿಸ್ ಕನ್ನಡಕ ಇಳಿಸಿಕೊಂಡು ಸಹಿ ಮಾಡಿದ.

ಊಟ ಕಡಲ ಬದಿಯಲ್ಲಿ. ತಟ್ಟೆಯ ಮೇಲೆ ತಟ್ಟೆ ಬರುತ್ತಿತ್ತು. ಹುರಿದ ಸಣ್ಣ ಮೀನು ಬಂದಾಗ ಇಸ್ಕಂದರ್ ಒಂದನ್ನು ಎತ್ತಿ ತಲೆಸಮೇತ ಬಾಯಿಗೆ ಹಾಕಿಕೊಂಡರು.

“ಅಪ್ಪ ತಲೆ ತೆಗೆದು ತಿಂತಿದ್ರು,” ಎಂದ ಬಾಸೆಲ್.

“ನಿಮ್ಮಪ್ಪ ತಲೆ ತೆಗೆದು ನನ್ನ ತಟ್ಟೆಗೆ ಹಾಕ್ತಿದ್ದ. ನಲವತ್ತು ವರ್ಷ ನಾನು ಅವನ ಮೀನಿನ ತಲೆ ತಿಂದಿದ್ದೀನಿ.”

ಬಾಸೆಲ್ ಮುನೀರರ ಬಗ್ಗೆ ಇನ್ನೇನೋ ಕೇಳಿದ, ಇಸ್ಕಂದರ್ ಇನ್ನೇನೋ ಹೇಳಿದರು. ಮಾತು ಅರಬ್ಬಿಗೆ ಹೊರಳಿತು. ಮರ್ಯಾದೆಯ ನೆನಪು ಈ ಸಲ ಯಾರಿಗೂ ಆಗಲಿಲ್ಲ, ನುಹಾದರಿಗೂ. ಅವರು ಮಲ್ಲಿಗೆಯ ಗೊಂಚಲನ್ನು ನೀರಿನ ಲೋಟದಲ್ಲಿ ಇಳಿಬಿಟ್ಟು, ಬ್ರೆಡ್ಡಿನ ತುಂಡಿನಿಂದ ತಟ್ಟೆ ಒರೆಸಿ ತಿನ್ನುತ್ತಿದ್ದರು. ಎರಡು ದಿನದಲ್ಲಿ ಅವರು ಹೊಟ್ಟೆ ತುಂಬ ತಿಂದದ್ದನ್ನು ನಾನು ಆಗಲೇ ನೋಡಿದ್ದು.

ಗಂಡ ಹೆಂಡತಿ ಒಂದೇ ವಿಮಾನದಲ್ಲಿ ಹಿಂದಿರುಗಿದರು. ಅದೇ ವಾರ ಬೀದಿಗೆಲ್ಲ ತಿಳಿಯಿತಂತೆ. ಎದುರುಮನೆಯಾಕೆ ಸಿಹಿ ತಂದುಕೊಟ್ಟಳು, ಪಕ್ಕದ ಮನೆಯಾಕೆ ಮುಖ ತಿರುಗಿಸಿದಳು, ಮುನೀರರ ಒಬ್ಬ ತಮ್ಮ ಇನ್ನೂ ಮಾತಾಡಿಸುವುದಿಲ್ಲ. ಬಾಸೆಲ್ ವಾರಕ್ಕೊಮ್ಮೆ ಫೋನ್ ಮಾಡುತ್ತಾನೆ. ಮೊದಲ ತಿಂಗಳು ತಾಯಿಯನ್ನಷ್ಟೇ ವಿಚಾರಿಸುತ್ತಿದ್ದ. ಬೇಸಿಗೆಯ ಹೊತ್ತಿಗೆ, “ಅಂಕಲ್ ಎಲ್ಲಿ, ಕೊಡು,” ಅನ್ನುತ್ತಿದ್ದಾನೆ ಎಂದು ನುಹಾದ್ ನನಗೆ ಹೇಳಿದರು. ಅವರಿಬ್ಬರ ಮಾತು ಒಮ್ಮೆ ಶುರುವಾದರೆ ಮುಗಿಯುವುದೇ ಇಲ್ಲವಂತೆ, ಅಷ್ಟರಲ್ಲಿ ತಾನು ಒಂದು ಅಡುಗೆ ಮಾಡಿ ಮುಗಿಸುತ್ತೇನೆ ಎಂದು ದೂರು.