ಹತ್ತರಲ್ಲಿ ಐದು ಪದ

ಆಟಗಾರರ ಅಂಗಿ ಒಗೆಸಿ ಬೂಟು ಜೋಡಿಸಿಡುವುದು ಈಗ ನನ್ನ ಕೆಲಸ. ಒಂದು ಕಾಲದಲ್ಲಿ ನಾನೂ ಈ ಕ್ಲಬ್ಬಿಗೆ ಹನ್ನೊಂದು ವರ್ಷ ರಗ್ಬಿ ಲೀಗ್ ಆಡಿದವನೇ. ಮೂಗು ಮೂರು ಸಲ ಮುರಿದರೂ ಬುದ್ಧಿ ಬರಲಿಲ್ಲ. ಬಂದಿದ್ದರೆ ನಮ್ಮ ತಂಡದ ಆಟಗಾರ ಅಕ್ರಾಯ್ಡ್‌ಗೆ ಆ ಉಪಾಯ ಹೇಳಿಕೊಡುತ್ತಿರಲಿಲ್ಲ.

ಪ್ರತಿ ಜನವರಿಯಲ್ಲಿ ಕ್ಲಬ್ಬಿನ ಡಾಕ್ಟರಮ್ಮ ಒಬ್ಬೊಬ್ಬ ಆಟಗಾರನಿಗೂ ಹತ್ತು ಪದ ಓದಿ, ಸ್ವಲ್ಪ ಹೊತ್ತು ಬಿಟ್ಟು ಕೇಳುತ್ತಾರೆ. ಎಷ್ಟು ನೆನಪಿದೆ ಎಂದು ಬರೆದಿಡುತ್ತಾರೆ. ಪಂದ್ಯದಲ್ಲಿ ತಲೆಗೆ ಪೆಟ್ಟಾದರೆ ಮತ್ತೆ ಅದೇ ಪರೀಕ್ಷೆ. ಜನವರಿಗಿಂತ ಕಡಿಮೆ ಹೇಳಿದರೆ ಅವತ್ತಿಗೆ ಹೊರಗೆ. "ಹಾಗಾದ್ರೆ ಜನವರೀಲೇ ದಡ್ಡ ಆಗ್ಬಿಡೋ" ಎಂದು ಅಕ್ರಾಯ್ಡ್‌ಗೆ ಹೇಳಿದ್ದೆ. ಏಳು ವರ್ಷ ಅವನು ಒಂಬತ್ತು ನೆನಪಿದ್ದರೂ ಐದೇ ಹೇಳಿದ. ಎಷ್ಟು ಪೆಟ್ಟು ತಿಂದರೂ ಮೈದಾನಕ್ಕೆ ಮರಳಿದ. ಊರು ಅವನನ್ನು ಕಬ್ಬಿಣದ ತಲೆಯವನು ಎಂದು ಹಾಡಿ ಹೊಗಳಿತು. ನಾನೂ ಬೀಗಿದೆ.

ಈ ಗುಡ್ ಫ್ರೈಡೆ, ಪಕ್ಕದೂರಿನವರ ಮೇಲಿನ ಪಂದ್ಯ. ಯಾರದೋ ಮಂಡಿ ಅವನ ಕಪಾಳಕ್ಕೆ ಬಡಿಯಿತು. ಒಳಗೆ ಕರೆತಂದು ಪರೀಕ್ಷೆ ಮಾಡಿದರು. ಐದು ಪದ ಹೇಳಿದ.

"ಜನವರೀಲೂ ಐದೇ. ಹೋಗಪ್ಪ" ಎಂದು ಡಾಕ್ಟರಮ್ಮ ಪಕ್ಕದ ಕೋಣೆಗೆ ಹೋದರು.

ರಕ್ತದ ಅಂಗಿ ಬಿಚ್ಚಿಸುತ್ತಾ ನಾನು ನಕ್ಕೆ. "ನಾಟಕದ ಕಂಪನಿ ಸೇರ್ಕೊಳೋ, ಅಲ್ಲೂ ಮೆಡಲ್ ಕೊಡ್ತಾರೆ."

ಅವನು ನಗಲಿಲ್ಲ. "ಈ ಜನವರೀಲಿ ನಾಟಕ ಆಡ್ಲಿಲ್ಲ ಕ್ಲಿಫ್. ಮಗು ಬರ್ತಿದೆ, ಈ ಸಲ ನಿಜಾನೇ ಹೇಳು ಅಂತ ಹೆಂಡ್ತಿ ಮಾತು ತಗೊಂಡಿದ್ಲು."

"ಮತ್ತೆ?"

"ತಿಣುಕಾಡಿದ್ರೂ ಐದೇ ಬಂತು."

ಕೊಡಲು ಹೊರಟಿದ್ದ ಒಗೆದ ಅಂಗಿಯನ್ನು ಹಿಂದಕ್ಕೆಳೆದುಕೊಂಡೆ. "ಡಾಕ್ಟರಮ್ಮಂಗೆ ಹೇಳಿದ್ಯೇನೋ?"

"ಹೇಳಿದ್ರೆ ಇನ್ನೊಂದಿನ ಆಡೋಕೆ ಬಿಡ್ತಾರಾ? ಆಟ ಬಿಟ್ರೆ ನಂಗೇನು ಬರತ್ತೆ? ಅಂಗಿ ಕೊಡು ಮುದ್ಕ."

ಕೊಟ್ಟೆ. ಅವನು ಬಾಗಿಲು ದಾಟಿ ಓಣಿಯಲ್ಲಿ ನಿಂತುಬಿಟ್ಟ. ಎಡಕ್ಕೆ ಡಾಕ್ಟರಮ್ಮನ ಕೋಣೆ, ಬಲಕ್ಕೆ ಮೈದಾನ. ಹೊರಗೆ ಜನ ಅವನ ಹೆಸರನ್ನೇ ಕೂಗುತ್ತಿದ್ದರು. ಅವನು ಹನ್ನೆರಡು ವರ್ಷ ಓಡಾಡಿದ ಓಣಿ.

"ಯಾವ ಕಡೆ, ಕ್ಲಿಫ್?" ಎಂದು ಮೆತ್ತಗೆ ಕೇಳಿದ. ತಮಾಷೆಯಲ್ಲ ಎಂದು ಮುಖ ನೋಡಿದರೇ ತಿಳಿಯುತ್ತಿತ್ತು.

ನಾವು ನಾಲ್ಕು ಅಂಕ ಹಿಂದಿದ್ದೆವು. ಆಟ ಮುಗಿಯಲು ಇನ್ನು ಹತ್ತು ನಿಮಿಷವಿತ್ತು. ದೇವರು ನನ್ನನ್ನು ಕ್ಷಮಿಸಬಾರದು; ನಾನು ಬಲಕ್ಕೆ ಕೈ ತೋರಿಸಿದೆ.

"ಥ್ಯಾಂಕ್ಸ್" ಎಂದು ಅವನು ಓಡಿದ.